ಅಪ್ಪ ಪದೇ ಪದೇ ಬೀಳುತ್ತಿದ್ದಾರೆ, ತೋಟದ ಮನೆ ಬಿಟ್ಟು ಬರಲು ಒಪ್ಪುವುದಿಲ್ಲ: ಏನೇನು ಮಾಡಬಹುದು?

ನೀರ್ಚಾಲು_ಮಗಳು:
ತಂದೆಗೆ 81, ತಾಯಿಗೆ 74. ಕೇರಳದ ಕಾಸರಗೋಡು ಜಿಲ್ಲೆಯ ನೀರ್ಚಾಲಿನ ಹತ್ತಿರ ಹಳೆಯ ಮುರಕಲ್ಲಿನ (ಕೆಂಪುಕಲ್ಲಿನ) ಮನೆಯಲ್ಲಿ ಇಬ್ಬರೇ ಇದ್ದಾರೆ. ನಾಲ್ಕು ತಿಂಗಳಲ್ಲಿ ಅಪ್ಪ ಮೂರು ಸಲ ಬಿದ್ದರು. ಮೊದಲನೆಯದು ಬೆಳಗಿನ ಜಾವ 4 ಗಂಟೆಗೆ, ಮೂತ್ರಕ್ಕೆಂದು ಎದ್ದು ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ. ಎರಡನೆಯದು ಬಚ್ಚಲಿನಲ್ಲಿ, ಹಿಡಿದ ಟವೆಲ್ ಕಂಬಿ ಕಿತ್ತು ಕೈಗೆ ಬಂತು. ಮೂರನೆಯದು ತೋಟದಲ್ಲಿ, ಬಗ್ಗಿ ಅಡಿಕೆ ಹೆಕ್ಕಿ ನೆಟ್ಟಗೆ ನಿಂತ ಕೂಡಲೇ. ಮೂಳೆ ಮುರಿದಿಲ್ಲ. ಬಿಪಿಗೆ ಆಮ್ಲೋಡಿಪಿನ್, ಪ್ರೊಸ್ಟೇಟಿಗೆ ಟಾಮ್ಸುಲೋಸಿನ್, ನಿದ್ದೆಗೆ ಆಲ್ಪ್ರಜೋಲಾಮ್, ಹೃದಯಕ್ಕೆ ಆಸ್ಪಿರಿನ್ ತೆಗೆದುಕೊಳ್ಳುತ್ತಾರೆ. "ನನ್ನನ್ನು ಫ್ಲಾಟಿನಲ್ಲಿ ಕೂಡಿಹಾಕಬೇಡಿ" ಎನ್ನುತ್ತಾರೆ. ಅವರ ಮಾತು ನನಗೆ ಅರ್ಥವಾಗುತ್ತದೆ. ಮನೆಯಲ್ಲೇ ಏನು ಬದಲಿಸಬೇಕು, ಯಾವುದು ಮೊದಲು?

ಫಿಸಿಯೋ_ಕುಂಬಳೆ:
ನೀವು ಬರೆದ ಮೂರರಲ್ಲಿ ಎರಡು ಒಂದೇ ಜಾತಿಯ ಬೀಳುವಿಕೆ. ಮಲಗಿದ್ದವರು ಎದ್ದಾಗ, ಬಗ್ಗಿದ್ದವರು ನಿಂತಾಗ. ಕಾಲು ಜಾರಿದ್ದಲ್ಲ, ತಲೆಗೆ ರಕ್ತ ಸಾಲದೆ ಹೋದದ್ದಿರಬಹುದು. ಆದ್ದರಿಂದ ಮೇಸ್ತ್ರಿಯನ್ನು ಕರೆಯುವ ಮೊದಲು ಬಿಪಿ ಯಂತ್ರ ತೆಗೆಯಿರಿ.

ಬೆಳಗ್ಗೆ ಹಾಸಿಗೆ ಬಿಡುವ ಮುನ್ನ, 5 ನಿಮಿಷ ಅಲುಗಾಡದೆ ಮಲಗಿರುವಾಗ ಒಮ್ಮೆ ಅಳೆಯಬೇಕು. ತೋಳಿನ ಪಟ್ಟಿ ಬಿಚ್ಚದೆ ಎಬ್ಬಿಸಿ ನಿಲ್ಲಿಸಿ, ನಿಂತು 1 ನಿಮಿಷವಾದಾಗ ಒಂದು ಸಲ, 3 ನಿಮಿಷವಾದಾಗ ಇನ್ನೊಂದು ಸಲ ಅಳೆಯಬೇಕು. ನಿಂತಾಗ ತೋಳು ಕೆಳಗೆ ಜೋತುಬಿದ್ದಿದ್ದರೆ ಅಂಕಿ ಸುಳ್ಳಾಗಿ ಹೆಚ್ಚು ಬರುತ್ತದೆ. ಎದೆಯ ಮಟ್ಟಕ್ಕೆ ಎತ್ತಿ ಹಿಡಿಯಿರಿ. ಹಿಂದೆ ಒಂದು ಕುರ್ಚಿ, ಪಕ್ಕದಲ್ಲಿ ಒಬ್ಬರು ಇರಲೇಬೇಕು. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಬೀಳುವುದಕ್ಕೆ ಕಾರಣ ಅಲ್ಲೇ ಇರಬಹುದು. ಕುಳಿತಲ್ಲಿ ಮಾತ್ರ ಅಳೆದರೆ ಈ ಇಳಿತ ಕಣ್ಣಿಗೆ ಬೀಳುವುದೇ ಇಲ್ಲ.

ನಿಮ್ಮ ಪಟ್ಟಿಯಲ್ಲಿ ಆಮ್ಲೋಡಿಪಿನ್ನೂ ಟಾಮ್ಸುಲೋಸಿನ್ನೂ ರಕ್ತನಾಳ ಸಡಿಲಿಸುವಂಥವು. ಆಲ್ಪ್ರಜೋಲಾಮ್ ಜಾವದ ಹೊತ್ತಿಗೂ ಮೈಯಲ್ಲಿ ಉಳಿದು ಹೆಜ್ಜೆ ತೂಗಾಡಿಸುತ್ತದೆ. ಮೂರೂ ಸೇರಿದಾಗ ರಾತ್ರಿ ಏಳುವುದೇ ಅಪಾಯ. ಆದರೆ ನೀವಾಗಿ ಯಾವುದನ್ನೂ ನಿಲ್ಲಿಸಬೇಡಿ. ಅದರಲ್ಲೂ ನಿದ್ದೆಯ ಮಾತ್ರೆ ಒಮ್ಮೆಲೇ ಬಿಟ್ಟರೆ ನಡುಕ, ಗೊಂದಲ, ಕೆಲವರಲ್ಲಿ ಫಿಟ್ಸ್ ಕೂಡ ಬರುತ್ತದೆ. ಅದನ್ನು ವೈದ್ಯರು ವಾರಗಟ್ಟಲೆ ಸ್ವಲ್ಪ ಸ್ವಲ್ಪವೇ ಇಳಿಸಬೇಕು. ಮೂರು ದಿನದ ಅಂಕಿ ಬರೆದುಕೊಂಡು ಹೋಗಿ ತೋರಿಸಿ. ಬಿ12, ಹಿಮೋಗ್ಲೋಬಿನ್, ಸೋಡಿಯಂ, ಕಣ್ಣಿನ ಪೊರೆ ಕೂಡ ನೋಡಿಸಿ.

ಅಲ್ಲಿಯವರೆಗೆ: ಏಳುವ ಮೊದಲು ಮಂಚದ ಅಂಚಿನಲ್ಲಿ 1 ನಿಮಿಷ ಕೂತು ಪಾದ 15 ಸಲ ಮೇಲೆ ಕೆಳಗೆ ಆಡಿಸಲಿ, ನಿಂತು 10 ಎಣಿಸಲಿ, ಆಮೇಲೆ ಹೆಜ್ಜೆ. ಮಂಚದ ಹತ್ತಿರವೇ ಮೂತ್ರದ ಬಾಟಲಿ ಇಟ್ಟರೆ 4 ಗಂಟೆಯ ನಡಿಗೆಯೇ ತಪ್ಪುತ್ತದೆ. ಮುಜುಗರ ಪಟ್ಟರೆ "ಮಳೆಗಾಲಕ್ಕೆ ಮಾತ್ರ" ಎಂದು ಕೇಳಿ ನೋಡಿ.

ಮುರಕಲ್ಲು:
ಬಚ್ಚಲಿನ ಬಗ್ಗೆ ನಾನು ಹೇಳುತ್ತೇನೆ. ಟವೆಲ್ ಕಂಬಿ ಮೈಭಾರಕ್ಕಾಗಿ ಮಾಡಿದ್ದಲ್ಲ, ಕಿತ್ತು ಬರದೆ ಇರುವುದಿಲ್ಲ. ಆದರೆ ಅದರ ಜಾಗದಲ್ಲಿ ಅಂಗಡಿಯಿಂದ ತಂದ ಹಿಡಿಕೆಯನ್ನು ಅದೇ ಪ್ಲಾಸ್ಟಿಕ್ ಪ್ಲಗ್ ಹಾಕಿ ಕೂರಿಸಿದರೆ ಅದೂ ಕಿತ್ತು ಬರುತ್ತದೆ. ಮುರಕಲ್ಲು ಕಾಂಕ್ರೀಟಿನ ಹಾಗಲ್ಲ. ಡ್ರಿಲ್ ಒತ್ತಿದರೆ ಕೆಂಪು ಹುಡಿ ಉದುರುತ್ತದೆ, ಕಲ್ಲಿನೊಳಗಿನ ಪೊಳ್ಳು ಸಿಕ್ಕಿ ತೂತು ಬಿಟ್ಟಿಗಿಂತ ದೊಡ್ಡದಾಗುತ್ತದೆ. ಸ್ಕ್ರೂ ಬಿಗಿ ಮಾಡುವಾಗ ಕೊನೆಯಲ್ಲಿ ಪ್ಲಗ್ ಸಮೇತ ಸುಮ್ಮನೆ ತಿರುಗತೊಡಗಿದರೆ ತಿಳಿಯಿರಿ, ಅದನ್ನು ಹಿಡಿದಿರುವುದು ಬರೀ ಸಾರಣೆ.

ಎರಡು ದಾರಿ ಇದೆ. ಗೋಡೆಯ ಆಚೆ ಬದಿ ಕೈಗೆ ಸಿಗುವಂತಿದ್ದರೆ 10 ಮಿಮೀ ಬೋಲ್ಟನ್ನು ಪೂರ್ತಿ ಆಚೆಗೆ ತೂರಿಸಿ, ಹೊರಗೆ 4 ಇಂಚು ಚೌಕದ, 5 ಮಿಮೀ ದಪ್ಪದ ಉಕ್ಕಿನ ತಟ್ಟೆ ಕೊಟ್ಟು ನಟ್ಟು ಬಿಗಿಯಿರಿ. ಆಚೆ ಬದಿ ಸಿಗದಿದ್ದರೆ ಹಿಡಿಕೆಯ ಎರಡೂ ಕೊನೆ ಬರುವಲ್ಲಿ 6 ಇಂಚು ಆಳಕ್ಕೆ ಕಲ್ಲು ಕೊರೆದು 1:2:4 ಕಾಂಕ್ರೀಟು (ಸಿಮೆಂಟ್, ಮರಳು, ಜಲ್ಲಿ) ತುಂಬಿ, 7 ದಿನ ನೀರುಣಿಸಿ, ಆಮೇಲೆ ಆಂಕರ್ ಹಾಕಿ. ಮೇಸ್ತ್ರಿಗಳು ಮರುದಿನವೇ ಡ್ರಿಲ್ ತರುತ್ತಾರೆ, ಬಿಡಬೇಡಿ. ಕೆಲಸ ಮುಗಿದ ಮೇಲೆ ಗಟ್ಟಿಮುಟ್ಟಾದ ಒಬ್ಬರು ಎರಡೂ ಕೈಯಿಂದ ಪೂರ್ತಿ ಭಾರ ಹಾಕಿ ಜಗ್ಗಲಿ. ಗಾಳಿ ಹೀರಿ ಅಂಟುವ ರಬ್ಬರು ಕಪ್ಪಿನ ಹಿಡಿಕೆಗಳನ್ನಂತೂ ತರಲೇಬೇಡಿ.

ಎಲ್ಲಿ ಹಾಕಬೇಕು ಎಂದು ಅಳತೆಯ ಪುಸ್ತಕ ನೋಡುವ ಮೊದಲು ಗೋಡೆ ನೋಡಿ. ಅವರು ಈಗಾಗಲೇ ಎಲ್ಲಿ ಕೈ ಊರುತ್ತಾರೋ ಅಲ್ಲಿ ಸುಣ್ಣದ ಮೇಲೆ ಅಂಗೈಯ ಎಣ್ಣೆ ಕೂತು ಕಪ್ಪಾಗಿರುತ್ತದೆ. ಹೊಸ್ತಿಲ ಪಕ್ಕ ಆ ಗುರುತಿನ ಮೇಲೆಯೇ ನಿಲುವಾದ ಹಿಡಿಕೆ ಹಾಕಿ. ಕಮೋಡ್ ಪಕ್ಕದ್ದು ಅಡ್ಡ ಇರಲಿ, ಅವರು ಕೂತಾಗ ಮೊಣಕೈಗಿಂತ ತುಸು ಮೇಲೆ. ಕೊಳವೆ 32ರಿಂದ 38 ಮಿಮೀ ದಪ್ಪ, ಗೋಡೆಗೂ ಅದಕ್ಕೂ ನಡುವೆ ಒಂದೂವರೆ ಇಂಚು. ಅದಕ್ಕಿಂತ ಹೆಚ್ಚು ಬಿಟ್ಟರೆ ಕೈ ಜಾರಿ ಮುಂಗೈ ಸಿಕ್ಕಿಕೊಳ್ಳುತ್ತದೆ.

ಬಚ್ಚಲಿನ ಬಾಗಿಲು ಒಳಕ್ಕೆ ತೆರೆಯುವಂಥದ್ದಾದರೆ ಹೊರಕ್ಕೆ ತಿರುಗಿಸಿ. ಒಳಗೆ ಬಿದ್ದವರ ಮೈಯೇ ಬಾಗಿಲಿಗೆ ಅಡ್ಡವಾಗುತ್ತದೆ. ಒಳಗಿನ ಚಿಲಕ ತೆಗೆದು, ಹೊರಗಿನಿಂದಲೂ ನಾಣ್ಯ ಹಾಕಿ ತಿರುಗಿಸಲು ಬರುವ ಲಾಕ್ ಕೂರಿಸಿ. ನಮ್ಮಲ್ಲಿ ಬಹಳ ಮನೆಗಳ ನೆಲ ಕೆಂಪು ಕಾವಿಯದ್ದು. ಅದರ ಮೇಲೆ ನೀರು ಬಿದ್ದರೆ ಕಾಣುವುದೇ ಇಲ್ಲ. ಬಚ್ಚಲಿನಿಂದ ಕೋಣೆಯವರೆಗೆ ರಬ್ಬರು ತಳದ ಚಾಪೆ ಹಾಸಿ, ಹೊಸ್ತಿಲ ಅಂಚಿಗೆ ಬಿಳಿ ಬಣ್ಣ ಬಳಿಯಿರಿ. ಹಳೆ ಸೀರೆಯ ಕಾಲೊರಸು ಇದ್ದರೆ ಇವತ್ತೇ ತೆಗೆಯಿರಿ.

ರಾತ್ರಿಪಾಳಿ:
ತೋಟದ ವಿಷಯ. "ಹೋಗಬೇಡಿ" ಎಂದರೆ ಯಾರಿಗೂ ಹೇಳದೆ ಹೋಗುತ್ತಾರೆ, ಅದು ಇನ್ನೂ ಕೆಟ್ಟದ್ದು. ಯಾವ ಎರಡು ಕೆಲಸ ಬಿಡಲು ಸಾಧ್ಯವೇ ಇಲ್ಲ ಎಂದು ಅವರನ್ನೇ ಕೇಳಿ. ಆ ಎರಡನ್ನು ಉಳಿಸಿಕೊಟ್ಟು, ಹೇಗೆ ಮಾಡುವುದು ಎಂಬುದರ ಮೇಲೆ ಮಾತ್ರ ಕರಾರು ಮಾಡಿ. ಅಡಿಕೆಯನ್ನು ಬಗ್ಗಿ ಹೆಕ್ಕುವ ಬದಲು ಸ್ಟೂಲಿನಲ್ಲಿ ಕೂತು ಸುಲಿಯಲಿ, ಹೆಕ್ಕುವುದಕ್ಕೆ ಆಳು ಇರಲಿ. ಸಂಕ (ತೋಡಿನ ಕಾಲುಸೇತುವೆ) ದಾಟುವುದಿಲ್ಲ, ಏಣಿ ಮುಟ್ಟುವುದಿಲ್ಲ. ಈ ಎರಡರಲ್ಲಿ ರಾಜಿ ಬೇಡ.

ವರ್ಷಕ್ಕೆ 3000 ಮಿಮೀ ದಾಟಿ ಮಳೆ ಸುರಿಯುವ ಊರು. ಆಟಿಯಲ್ಲಿ (ಜುಲೈ-ಆಗಸ್ಟ್) ಅಂಗಳದ ಹಾವಸೆ ತಪ್ಪಿಸಲಾಗದು. ಮನೆಯಿಂದ ದನದ ಹಟ್ಟಿಯವರೆಗೆ 3 ಅಡಿ ಅಗಲದ ದಾರಿಗೆ ಸಿಮೆಂಟ್ ಹಾಕಿ, ಹಸಿ ಇರುವಾಗಲೇ ಕಡ್ಡಿಹಿಡಿಯಿಂದ ಅಡ್ಡ ಗೀರಿ ಒರಟು ಮಾಡಿಸಿ, ಒಂದು ಬದಿಗೆ ಹಿಡಿದು ನಡೆಯಲು ಕಂಬಿ ಕೊಡಿ. ಹಾವಸೆಗೆ ಬ್ಲೀಚಿಂಗ್ ಪೌಡರ್ ಉದುರಿಸಿ ಅರ್ಧ ಗಂಟೆ ಬಿಟ್ಟು ತಿಕ್ಕಿ ತೊಳೆಯಬಹುದು, ಆಸಿಡ್ ಜೊತೆ ಸೇರಿಸಬಾರದು. ಒದ್ದೆ ಅಡಿಕೆ ಹಾಳೆಯ ಮೇಲೆ ಕಾಲಿಟ್ಟರೆ ಯಾರೂ ನಿಲ್ಲಲಾರರು, ದಿನಾ ಬೆಳಗ್ಗೆ ಹೆಕ್ಕಿಸಿ.

ಕೊಡೆಯನ್ನು ಊರುಗೋಲು ಮಾಡಿಕೊಳ್ಳುವುದು ನಮ್ಮ ಹಿರಿಯರ ಅಭ್ಯಾಸ. ಕಬ್ಬಿಣದ ತುದಿ ಒದ್ದೆ ಕಲ್ಲಿನ ಮೇಲೆ ಜಾರುತ್ತದೆ. ರಬ್ಬರು ತುದಿಯ ಕೋಲು ಕೊಡಿಸಿ. ಚಪ್ಪಲಿ ಹಾಕಿ ಕೈ ಇಳಿಬಿಟ್ಟು ನಿಂತಾಗ ಹಿಡಿ ಮಣಿಕಟ್ಟಿನ ಗೆರೆಗೆ ಬರಬೇಕು. ನೋವಿರುವ ಕಾಲಿನ ಎದುರು ಕೈಯಲ್ಲಿ ಹಿಡಿಯಬೇಕು. ಹವಾಯಿ ಬಿಟ್ಟು ಹಿಮ್ಮಡಿಗೆ ಪಟ್ಟಿ ಇರುವ ಚಪ್ಪಲಿ. ಮುಂಡು (ಪಂಚೆ) ಕಣಕಾಲಿಗಿಂತ 2 ಇಂಚು ಮೇಲಿರಲಿ.

ಬಿದ್ದರೆ ತಾಯಿಯವರು ಒಬ್ಬರೇ ಎತ್ತಲು ಹೋಗಬಾರದು. ತೊಡೆಯ ಸಂದು ನೋಯುತ್ತಿದ್ದು ಒಂದು ಕಾಲು ಗಿಡ್ಡವಾಗಿ ಪಾದ ಹೊರಗೆ ತಿರುಗಿದ್ದರೆ ಅಲುಗಾಡಿಸದೆ 108ಕ್ಕೆ ಕರೆ ಮಾಡಿ. ಮನೆಗೆ ಬರುವ ದಾರಿಯ ಗುರುತನ್ನು ಮಲಯಾಳದಲ್ಲಿ ಎರಡು ವಾಕ್ಯ ಬರೆದು ಫೋನಿನ ಪಕ್ಕ ಅಂಟಿಸಿ; ಗಾಬರಿಯಲ್ಲಿ ಭಾಷೆ ಕೈಕೊಡುತ್ತದೆ. ಆಸ್ಪಿರಿನ್ ತೆಗೆದುಕೊಳ್ಳುವವರ ತಲೆಗೆ ಪೆಟ್ಟಾದರೆ ಚೆನ್ನಾಗಿದ್ದಂತೆ ಕಂಡರೂ ಅದೇ ದಿನ ವೈದ್ಯರಿಗೆ ತೋರಿಸಿ, ಸಿಟಿ ಸ್ಕ್ಯಾನ್ ಬೇಕೇ ಎಂದು ಕೇಳಿ. ರಕ್ತ ನಿಧಾನವಾಗಿ ಸೋರಿ ವಾರಗಳ ನಂತರ ತಲೆನೋವು, ತೂಕಡಿಕೆ, ಮಾತಿನ ತೊದಲು ಬರುವುದುಂಟು.

ರೇಂಜ್ ಇಲ್ಲದ ತಗ್ಗಿನ ಮನೆಯಾದರೆ ವೈರ್‌ಲೆಸ್ ಕಾಲಿಂಗ್ ಬೆಲ್‌ನ ಗುಂಡಿಗಳನ್ನು ಬಚ್ಚಲಿನಲ್ಲೂ ಮಂಚದ ಬಳಿಯೂ ನೆಲದಿಂದ 1 ಅಡಿ ಎತ್ತರಕ್ಕೆ ಅಂಟಿಸಿ. ಬಿದ್ದವರ ಕೈ ಮುಟ್ಟುವುದು ಅಲ್ಲಿಗೇ. ವಾಕರ್, ಕಮೋಡ್ ಕುರ್ಚಿ ಕೊಳ್ಳುವ ಮೊದಲು ಆಶಾ ಕಾರ್ಯಕರ್ತೆಯ ಮೂಲಕ ಪಂಚಾಯತಿನ ಪಾಲಿಯೇಟಿವ್ ನರ್ಸ್ (ಹಾಸಿಗೆ ಹಿಡಿದವರನ್ನು ಮನೆಗೇ ಬಂದು ನೋಡುವವರು) ಹತ್ತಿರ ವಿಚಾರಿಸಿ, ಎರವಲು ಸಿಗುವುದುಂಟು.

ನೀರ್ಚಾಲು_ಮಗಳು:
ಮೂರು ದಿನ ಅಳೆದೆವು. ಮಲಗಿದಾಗ 142/80, ನಿಂತ 1 ನಿಮಿಷಕ್ಕೆ 114/68, 3 ನಿಮಿಷಕ್ಕೆ 118/70. ಉಳಿದ ಎರಡು ದಿನವೂ ಹೆಚ್ಚುಕಡಿಮೆ ಇಷ್ಟೇ. ಅಪ್ಪ ಹಿಡಿಕೆಗೂ ಬೆಲ್ಲಿಗೂ ಒಪ್ಪಿದ್ದಾರೆ, ಕೋಲಿಗೆ ಇನ್ನೂ ಇಲ್ಲ. ಕಾಲಿಗೆ ಬಲ ಬರಲು ಏನಾದರೂ?

ಫಿಸಿಯೋ_ಕುಂಬಳೆ:
28 ಇಳಿದಿದೆ. ಈ ವಾರವೇ ವೈದ್ಯರ ಬಳಿ ಹೋಗಿ, ಮಾತ್ರೆಗಳ ಹೊದಿಕೆಗಳನ್ನೂ ಒಯ್ಯಿರಿ. ಕೋಲಿಗೆ ಸದ್ಯ ಒತ್ತಾಯ ಬೇಡ. ಹಿಡಿಯಲು ಕಂಬಿ ಇರುವ ದಾರಿಯಲ್ಲಿ ನಡೆಯಲಿ.

ವ್ಯಾಯಾಮ ಎರಡೇ ಸಾಕು. ಗೋಡೆಗೆ ತಾಗಿಸಿಟ್ಟ, ಕೈ ಇರುವ ಕುರ್ಚಿಯಿಂದ ನಿಧಾನ ಎದ್ದು ಕೂರುವುದು: ಮೊದಲ ವಾರ 5 ಸಲ, ದಿನಕ್ಕೆ ಎರಡು ಹೊತ್ತು, ವಾರವಾರ ಸ್ವಲ್ಪ ಹೆಚ್ಚಿಸುತ್ತ 10ಕ್ಕೆ. ಇನ್ನೊಂದು ಜಗಲಿಯ ದಳಿ (ಅಡ್ಡಪಟ್ಟಿ) ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು, 10 ಸಲ. ತಲೆ ತಿರುಗಿದರೆ ಅಲ್ಲಿಗೇ ನಿಲ್ಲಿಸಲಿ. ಈಗ ಒಮ್ಮೆ ಅಳೆದಿಡಿ: ಕುರ್ಚಿಯಿಂದ ಎದ್ದು 3 ಮೀಟರ್ ನಡೆದು ತಿರುಗಿ ಬಂದು ಕೂರಲು ಎಷ್ಟು ಸೆಕೆಂಡು. 12 ಅಥವಾ ಅದಕ್ಕಿಂತ ಹೆಚ್ಚಾದರೆ ಬೀಳುವ ಅಪಾಯ ಇದೆ ಎಂದೇ ಲೆಕ್ಕ. 8 ವಾರ ಬಿಟ್ಟು ಅದೇ ಕುರ್ಚಿ, ಅದೇ ಚಪ್ಪಲಿಯಲ್ಲಿ ಮತ್ತೆ ನೋಡಿ.

ಮಾತ್ರೆ ಬದಲಾದ ಮೇಲೆ ಒಂದು ವಾರ ಪುನಃ ಮಲಗಿ, ನಿಂತು ಅಳೆಯಿರಿ. ಇಳಿತ 20ರ ಒಳಗೆ ಬಂದು ತಲೆ ತಿರುಗುವುದು ನಿಂತರೆ ಬೆಳಗಿನ ತೋಟದ ಸುತ್ತು ಮತ್ತೆ ಶುರುಮಾಡಬಹುದು. ಅಲ್ಲಿಯವರೆಗೆ 9 ಗಂಟೆಯ ಮೇಲೆ, ಆಳು ತೋಟದಲ್ಲಿರುವ ಹೊತ್ತಿಗೆ ಹೋಗಲಿ. ತಿಂಡಿ ತಿಂದ ಕೂಡಲೇ ಬೇಡ, ಉಂಡ ಮೇಲೂ ಒಂದೆರಡು ಗಂಟೆ ಬಿಪಿ ಇಳಿಯುತ್ತದೆ.