ಎದುರಂಗಡಿಯ ಪಿಸ್ತೂಲು

ಹಾರ್ಟ್‌ಫರ್ಡ್ ಊರಿನ ಹೆದ್ದಾರಿಯಲ್ಲಿ ಹೋಗುವಾಗ ಒಂದು ನೀಲಿ ಗುಮ್ಮಟ ಕಾಣುತ್ತದೆ. ಈರುಳ್ಳಿ ಆಕಾರ, ಮೈತುಂಬ ಚಿನ್ನದ ಬಣ್ಣದ ನಕ್ಷತ್ರ, ತುದಿಯಲ್ಲಿ ಮುಂಗಾಲೆತ್ತಿ ನಿಂತ ಕುದುರೆಮರಿ. ಅಮೆರಿಕದ ಕನೆಕ್ಟಿಕಟ್‌ಗೆ ಬಂದ ಹೊಸದರಲ್ಲಿ ರಾಜಣ್ಣ ಅದನ್ನು ಯಾವುದೋ ದರ್ಗಾ ಅಂದುಕೊಂಡು ಎರಡು ವರ್ಷ ಕಾರಿನಿಂದಲೇ ಕೈಮುಗಿದಿದ್ದ. ಅದು ಕೋಲ್ಟ್ ಕಂಪನಿಯ ಹಳೇ ಬಂದೂಕು ಕಾರ್ಖಾನೆ ಅಂತ ಪೂವಯ್ಯ ಹೇಳಿದಾಗ ರಾಜಣ್ಣನ ಮುಖ ಸಪ್ಪಗಾಯಿತು.

"ಮಾಡಿದ ನಮಸ್ಕಾರ ವಾಪಸ್ ತೆಗೆದುಕೊಳ್ಳುವುದಕ್ಕೆ ಆಗುತ್ತಾ?"

"ಆಯುಧಪೂಜೆ ಲೆಕ್ಕಕ್ಕೆ ಹಾಕಿಕೋ," ಎಂದಳು ವೀಣಾ.

ಕಳೆದ ಶನಿವಾರ ನಮ್ಮ ಮನೆಯಲ್ಲಿ ಚುರುಮುರಿ, ಟೀ ಜೊತೆ ಈ ಮಾತು ಮತ್ತೆ ಎದ್ದಿತು. ಕಾರಣ, ಪೂವಯ್ಯ ಪಿಸ್ತೂಲು ಕೊಂಡಿದ್ದ. ಅವನು ವಿರಾಜಪೇಟೆ ಕಡೆಯವನು. ಕೊಡವರ ಆಯುಧದ ಹಬ್ಬ ಕೈಲ್ ಪೊಳ್ದ್ ಬಂದರೆ ಊರಿನ ಮನೆಯಲ್ಲಿ ಕೋವಿಗೆ ತೋಕ್ ಪೂ ಅನ್ನುವ ಹೂವು ಇಟ್ಟು ಪೂಜೆ ಮಾಡುವ ವಂಶ. ಹಾಗಾಗಿ ಪಿಸ್ತೂಲು ಕೊಂಡದ್ದು ಯಾರಿಗೂ ಆಶ್ಚರ್ಯವಲ್ಲ. ಯಾವುದು ಕೊಂಡ ಅನ್ನುವುದೇ ತಕರಾರು.

"1911," ಎಂದ ಗತ್ತಿನಿಂದ.

"ಇಸವಿ ಕೇಳಲಿಲ್ಲ ಮಾರಾಯ, ಹೆಸರು ಹೇಳು," ಎಂದ ರಾಜಣ್ಣ.

"ಅದೇ ಹೆಸರು. ಅಮೆರಿಕದ ಸೈನ್ಯ ಒಪ್ಪಿಕೊಂಡ ವರ್ಷವೇ ಹೆಸರಾಯಿತು. 1911 ಮಾರ್ಚ್ 29. ಜಾನ್ ಬ್ರೌನಿಂಗ್ ಅನ್ನುವವನ ವಿನ್ಯಾಸ, ಮಾಡಿದ್ದು ಕೋಲ್ಟ್. ಪರೀಕ್ಷೆಯಲ್ಲಿ ಆರು ಸಾವಿರ ಗುಂಡು ಹಾರಿಸಿದರು. ಬಿಸಿಯಾದಾಗ ನೀರಿನಲ್ಲಿ ಅದ್ದಿ ಮತ್ತೆ ಹಾರಿಸಿದರು. ಕೋಲ್ಟ್‌ನದು ಒಂದು ಸಲವೂ ಕೈಕೊಡಲಿಲ್ಲ. ಪೈಪೋಟಿಗಿದ್ದ ಸ್ಯಾವೇಜ್ 37 ಸಲ ಕೈಕೊಟ್ಟಿತು. 1985ರಲ್ಲಿ ಬೆರೆಟ್ಟಾ ಬರುವ ತನಕ ಸೈನ್ಯದಲ್ಲಿ ಇದೇ."

"ಸರಿ, ಕೋಲ್ಟ್ ತಗೊಂಡೆ. ಊರಿನ ಮಾಲು. ಒಳ್ಳೇದಾಯಿತು," ಎಂದೆ ನಾನು.

ಪೂವಯ್ಯ ಚುರುಮುರಿಯಲ್ಲಿ ಕಡಲೆಬೀಜ ಹುಡುಕತೊಡಗಿದ. "ಕೋಲ್ಟ್ ಅಲ್ಲ. ಸ್ಮಿತ್ ಅಂಡ್ ವೆಸನ್."

ಗೊತ್ತಿಲ್ಲದವರಿಗೆ ಒಂದು ಮಾತು. ಕನೆಕ್ಟಿಕಟ್ ನದಿಯ ದಡದ ಹಾರ್ಟ್‌ಫರ್ಡ್‌ನಲ್ಲಿ ಕೋಲ್ಟ್, ಅದೇ ನದಿಯ ದಡದಲ್ಲಿ 40 ಕಿಲೋಮೀಟರ್ ಮೇಲಕ್ಕೆ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಸ್ಮಿತ್ ಅಂಡ್ ವೆಸನ್. ನೂರೈವತ್ತು ವರ್ಷ ಒಬ್ಬರ ಮುಖ ಇನ್ನೊಬ್ಬರು ನೋಡದಂಥ ಎದುರಂಗಡಿಗಳು.

"ಅಂದರೆ ಎದುರಂಗಡಿಯವನು ಇವನ ತಿಂಡಿ ಮಾಡಿ ಮಾರುತ್ತಿದ್ದಾನಾ? ನಾಚಿಕೆ ಬೇಡವೇ?" ಎಂದ ರಾಜಣ್ಣ.

"ನಾಚಿಕೆ ಎಲ್ಲ ಮೊದಲ ರೌಂಡಿನಲ್ಲೇ ಮುಗಿದಿದೆ," ಎಂದು ಪೂವಯ್ಯ ಕಾಲು ಮಡಚಿ ಕೂತ. ಇನ್ನು ಟೀ ಆರುವುದು ಖಾತ್ರಿ ಅಂತ ನನಗೆ ಗೊತ್ತಾಯಿತು.

ರೋಲಿನ್ ವೈಟ್ ಅಂತ ಒಬ್ಬನಿದ್ದ. ಮೊದಲು ಕೋಲ್ಟ್ ಕಾರ್ಖಾನೆಯಲ್ಲೇ ಕೆಲಸ. ರಿವಾಲ್ವರಿನ ಉರುಳೆಯನ್ನು ಆರಪಾರ ಕೊರೆದು ಹಿಂದಿನಿಂದಲೇ ತೋಟಾ ತುಂಬುವ ಉಪಾಯ ಅವನದು. ಸ್ಯಾಮ್ಯುಯೆಲ್ ಕೋಲ್ಟ್‌ಗೆ ತೋರಿಸಿದರೆ ಬೇಡ ಅಂದನಂತೆ, ಹಾಗಂತ ಕತೆ. 1855ರಲ್ಲಿ ವೈಟ್ ಪೇಟೆಂಟ್ ಮಾಡಿಸಿದ. ಮರುವರ್ಷ ಸ್ಮಿತ್ ಮತ್ತು ವೆಸನ್ ಬಂದು ಹಕ್ಕು ಹಿಡಿದರು, ರಿವಾಲ್ವರಿಗೆ 25 ಸೆಂಟ್ ರಾಯಧನದ ಮೇಲೆ. ಆ ಪೇಟೆಂಟ್ ಮುಗಿಯುವ 1869ರವರೆಗೆ ಕೋಲ್ಟ್ ಕೈಕೈ ಹಿಸುಕಿಕೊಂಡು ಕೂತಿತು.

"ಹಾಗಾದರೆ ವೈಟ್ ಕೋಟ್ಯಧೀಶ ಆದ," ಎಂದೆ.

"ಎಲ್ಲಿ! ಕದ್ದು ಮಾಡಿದವರ ಮೇಲೆ ಕೇಸು ಹಾಕುವ ಖರ್ಚು ವೈಟ್‌ನದೇ ಅಂತ ಕರಾರಿನಲ್ಲಿತ್ತು. ಬಂದ ದುಡ್ಡೆಲ್ಲ ವಕೀಲರ ಪಾಲು."

ವೀಣಾ ವಿಮಾ ಕಂಪನಿಯವಳು. ಅವಳ ಕಣ್ಣು ಹೊಳೆಯಿತು. "ಎಂಥ ಚೆಂದದ ಕರಾರು! ಬರೆದವನ ಕೈಗೆ ಕಡಗ ಹಾಕಬೇಕು."

"1911ರದು ಪೇಟೆಂಟ್ ಇರಲಿಲ್ವಾ?" ಎಂದ ರಾಜಣ್ಣ.

"ಇತ್ತು. 1911 ಫೆಬ್ರವರಿ 14ಕ್ಕೆ ಸಿಕ್ಕಿತ್ತು. ಹದಿನೇಳು ವರ್ಷಕ್ಕೆ ಮುಗಿಯಿತು."

"ಪ್ರೇಮಿಗಳ ದಿನ ಪಿಸ್ತೂಲಿಗೆ ಪೇಟೆಂಟ್," ಎಂದು ರಾಜಣ್ಣ ಹೆಂಡತಿಗೆ ಮೆಸೇಜು ಮಾಡತೊಡಗಿದ. ಅವನನ್ನು ಬಿಟ್ಟು ನಾವು ಮುಂದುವರಿದೆವು.

ಪೇಟೆಂಟ್ ಮುಗಿದ ಮೇಲೆ ಅದು ಊರ ಬಾವಿ. ಯಾರು ಬೇಕಾದರೂ ಸೇದಬಹುದು. ಅದಕ್ಕಿಂತ ಮಜಾ ಅಂದರೆ ಎರಡನೇ ಮಹಾಯುದ್ಧ. ಪಿಸ್ತೂಲು ಸಾಲದೆ ಸರ್ಕಾರವೇ ಸಿಕ್ಕಸಿಕ್ಕವರಿಗೆ ಮಾಡಲು ಕೊಟ್ಟಿತ್ತು. ಟೈಪ್‌ರೈಟರಿನ ರೆಮಿಂಗ್ಟನ್ ರ‍್ಯಾಂಡ್ ಎಂಟು ಲಕ್ಷಕ್ಕೂ ಜಾಸ್ತಿ ಮಾಡಿತು. ರೈಲ್ವೆ ಸಿಗ್ನಲ್ ಕಂಪನಿಯೊಂದು ಮಾಡಿತು. ಹೊಲಿಗೆ ಯಂತ್ರದ ಸಿಂಗರ್ 500 ಮಾಡಿಕೊಟ್ಟಿತು.

"ನಮ್ಮಜ್ಜಿ ತುಳೀತಿದ್ದ ಸಿಂಗರ್?" ನಾನು ನಂಬಲಿಲ್ಲ.

"ಅದೇ. ಈಗ ಹಳೇದು ಕೂಡಿಡುವವರು ಆ ಐನೂರಕ್ಕೆ ಪ್ರಾಣ ಬಿಡುತ್ತಾರೆ."

ಅಜ್ಜಿ ರವಿಕೆ ಹೊಲಿಯುತ್ತ ಕೂತಾಗ ನಮಗೆ ಯಾಕೆ ಅಷ್ಟು ಭಯ ಆಗುತ್ತಿತ್ತು ಅಂತ ಅವತ್ತು ಅರ್ಥವಾಯಿತು.

ವೀಣಾ ಬಿಡಲಿಲ್ಲ. "ಅಷ್ಟೆಲ್ಲ ಇದ್ದೂ ಸ್ಮಿತ್ ಅಂಡ್ ವೆಸನ್ ಈ ಪಿಸ್ತೂಲಿಗೆ ಕೈಹಾಕಿದ್ದು 2003ರಲ್ಲಿ. ಯಾಕೆ? ನಾನು ಹೇಳುತ್ತೇನೆ. 2000ದಲ್ಲಿ ಕ್ಲಿಂಟನ್ ಸರ್ಕಾರದ ಜೊತೆ ಬೀಗ, ಸುರಕ್ಷತೆ ಅಂತ ಒಪ್ಪಂದಕ್ಕೆ ಸಹಿ ಹಾಕಿದರು. ಬಂದೂಕಿನ ಗಿರಾಕಿಗಳು ಸಿಟ್ಟಾಗಿ ಅಂಗಡಿ ಕಡೆ ತಲೆ ಹಾಕಲಿಲ್ಲ. ಒಡೆಯರು ಟಾಮ್‌ಕಿನ್ಸ್ ಅಂತ ಬ್ರಿಟಿಷ್ ಕಂಪನಿ. 1987ರಲ್ಲಿ 11 ಕೋಟಿ ಡಾಲರಿಗೂ ಜಾಸ್ತಿ ಕೊಟ್ಟು ಕೊಂಡಿದ್ದನ್ನು 2001ರಲ್ಲಿ ಒಂದೂವರೆ ಕೋಟಿಗೆ ಮಾರಿ ಕೈತೊಳೆದುಕೊಂಡರು. ಹೊಸ ಒಡೆಯ ಬಂದ ಎರಡೇ ವರ್ಷಕ್ಕೆ 1911. ಮುನಿಸಿಕೊಂಡ ಬೀಗರನ್ನು ಒಲಿಸಬೇಕಾದರೆ ಹೊಸ ಅಡುಗೆ ಮಾಡುತ್ತಾರಾ? ಅವರಿಗಿಷ್ಟದ ಹೋಳಿಗೆಯನ್ನೇ ಬಡಿಸುತ್ತಾರೆ."

ನನಗೆ ಇದು ಸರಿ ಅನ್ನಿಸಿತು. ಪೂವಯ್ಯ ಮಾತ್ರ ಅಷ್ಟೇ ಅಲ್ಲ ಅಂತ ತಲೆಯಾಡಿಸಿದ. ಹೋಳಿಗೆ ಬಡಿಸಿದರು ನಿಜ, ಆದರೆ ಹೂರಣದಲ್ಲಿ ಕೈಯಾಡಿಸಿದರು ಅನ್ನುವುದು ಅವನ ವಾದ. ಹಾರಿದ ಗುಂಡಿನ ಖಾಲಿ ತೋಟಾವನ್ನು ಎಳೆದು ಹಾಕುವ ಒಂದು ಕೊಕ್ಕೆ ಇದೆ. ಬ್ರೌನಿಂಗ್‌ನದು ಒಂದೇ ಉದ್ದನೆಯ ಸ್ಪ್ರಿಂಗ್ ಉಕ್ಕಿನ ತುಂಡು, ಪಿಸ್ತೂಲಿನ ಮೇಲ್ಭಾಗದಲ್ಲಿ ಹಿಂದೆ ಮುಂದೆ ಸರಿಯುವ ಸ್ಲೈಡಿನ ಒಳಗೆ ಅಡಗಿರುತ್ತದೆ. ಬಿಗಿ ಸರಿಯಾಗಬೇಕಾದರೆ ಬಲ್ಲವನು ಅದನ್ನು ಕೈಯಲ್ಲಿ ಹದವಾಗಿ ಬಗ್ಗಿಸಬೇಕು. ಸ್ಮಿತ್‌ನವರು ಅದನ್ನು ಪಕ್ಕಕ್ಕೆ ತಂದು, ಹೊರಗೆ ಕಾಣುವ ಹಾಗೆ, ಬೇರೆ ಸ್ಪ್ರಿಂಗ್ ಕೊಟ್ಟು ಕೂರಿಸಿದರು. ಕೆಲಸ ಸುಲಭವಾಯಿತು. ಅಭಿಮಾನಿಗಳಲ್ಲಿ ಅರ್ಧ ಜನಕ್ಕೆ ಹೊಟ್ಟೆ ಉರಿಯಿತು.

"ಕೆಲಸ ಚೆನ್ನಾಗಿ ಮಾಡಿದರೆ ಹೊಟ್ಟೆ ಯಾಕೆ ಉರಿಯಬೇಕು?"

"ಒರಿಜಿನಲ್ ಅಲ್ಲ ಅಂತ. ಈ ಜನಕ್ಕೆ ನೂರು ವರ್ಷದ ಹಳೇದೇ ಬೇಕು. ಆದರೆ ನಿನ್ನೆ ಮಾಡಿದ ಹಾಗೆ ಹೊಳೆಯಬೇಕು, ಬೆಲೆಯೂ ಕಡಿಮೆ ಇರಬೇಕು."

"ಗೃಹಪ್ರವೇಶಕ್ಕೆ ಬಂದ ನಮ್ಮ ದೊಡ್ಡಪ್ಪನೂ ಹೀಗೇ," ಎಂದ ರಾಜಣ್ಣ ಫೋನು ಕೆಳಗಿಟ್ಟು. "ಹಳೇ ತೊಟ್ಟಿಮನೆ ಹಾಗಿಲ್ಲ ಅಂತ ಗೊಣಗಿದರು. ಗೊಣಗಿದ್ದು ಎಸಿ ರೂಮಿನಲ್ಲಿ ಕೂತು."

ಆಮೇಲೆ ರೂಗರ್ ಅನ್ನುವ ಇನ್ನೊಂದು ಬಂದೂಕು ಕಂಪನಿಯ ಕತೆ ಬಂತು. ಅದೂ ಕನೆಕ್ಟಿಕಟ್‌ನ ಸೌತ್‌ಪೋರ್ಟ್‌ನಲ್ಲಿ 1949ರಲ್ಲಿ ಹುಟ್ಟಿದ್ದು. ಅವರು ಕಾದು ಕಾದು 2011ರಲ್ಲಿ, ಪಿಸ್ತೂಲಿನ ನೂರನೇ ವರ್ಷಕ್ಕೆ ಸರಿಯಾಗಿ, ಸ್ಟೇನ್‌ಲೆಸ್ ಸ್ಟೀಲಿನ 1911 ತಂದರು. ಚೌಕಟ್ಟನ್ನು ಮೇಣದ ಅಚ್ಚಿನಲ್ಲಿ ಎರಕ ಹೊಯ್ಯುತ್ತಾರೆ. ನಮ್ಮ ಕಡೆ ಕಂಚಿನ ವಿಗ್ರಹ ಮಾಡುವ ಪದ್ಧತಿಯೇ. ರಾಜಣ್ಣ ಇದನ್ನು ಕೇಳಿ, ಹಾಗಾದರೆ ನನ್ನ ನಮಸ್ಕಾರ ಪೂರ್ತಿ ವ್ಯರ್ಥವಲ್ಲ ಅಂತ ಸಮಾಧಾನ ಮಾಡಿಕೊಂಡ. ಎದುರಂಗಡಿಗಳೂ ಈಗ ಎದುರಿಗೆ ಇಲ್ಲ. ಕೋಲ್ಟನ್ನು 2021ರಲ್ಲಿ ಜೆಕ್ ದೇಶದವರು ಕೊಂಡರು. ಸ್ಮಿತ್ ಅಂಡ್ ವೆಸನ್ 2023ರಲ್ಲಿ ಮುಖ್ಯ ಕಚೇರಿಯನ್ನು ಟೆನೆಸೀಗೆ ಸಾಗಿಸಿತು.

"ಮಾತು ಸಾಕು, ಮಾಲು ತೋರಿಸು," ಎಂದಳು ವೀಣಾ.

ಮಕ್ಕಳಿರುವ ಮನೆ ಅಂತ ಪೂವಯ್ಯ ಪಿಸ್ತೂಲು ತಂದಿರಲಿಲ್ಲ. ಫೋನಿನಲ್ಲಿ ಫೋಟೊ ತೋರಿಸಿದ. ವೀಣಾ ಎರಡು ಬೆರಳಿನಲ್ಲಿ ಹಿಗ್ಗಿಸಿ ನೋಡಿದಳು. ವಿಮೆಯ ಕ್ಲೇಮು ನೋಡುವವಳ ಕಣ್ಣು.

"ಇದೇನು, ಎಡಗಡೆ ಅರ್ಧಚಂದ್ರದ ಹಾಗೆ ಗೀರು? ಹಳೇದು ಕೊಟ್ಟು ಟೋಪಿ ಹಾಕಿದರಾ?"

"ಹೊಸದೇ," ಎಂದ ಪೂವಯ್ಯ. ಧ್ವನಿ ಇಳಿದಿತ್ತು. "ತಂದ ರಾತ್ರಿಯೇ ಬಿಚ್ಚಿದೆ. ಒಳಗಿನ ಸ್ಪ್ರಿಂಗಿನ ಮುಚ್ಚಳ ಹಾರಿ ಬೇಸ್‌ಮೆಂಟಿನ ಸೂರಿಗೆ ಬಡಿದು ವಾಷಿಂಗ್ ಮೆಷಿನ್ ಹಿಂದೆ ಬಿತ್ತು. ಹುಡುಕಿ ತಂದೆ. ವಾಪಸ್ ಜೋಡಿಸುವಾಗ ಸ್ಲೈಡ್ ಸ್ಟಾಪ್, ಅಂದರೆ ಸ್ಲೈಡನ್ನು ತಡೆಯುವ ಕೀಲು, ತಿರುಗಿಸಿದ್ದು ಜಾರಿತು. ಇದಕ್ಕೆ ಹೆಸರೇ ಇದೆ. ಈಡಿಯಟ್ ಸ್ಕ್ರ್ಯಾಚ್ ಅನ್ನುತ್ತಾರೆ."

"ನಿನ್ನ ಮೇಲೆ ಹೆಸರಿಟ್ಟರಾ?"

"ಇಲ್ಲ ಮಾರಾಯ್ತಿ. ಕೋಲ್ಟ್ ಕೊಂಡವರೂ ಹೀಗೇ ಮಾಡಿಕೊಳ್ಳುತ್ತಾರೆ. ಮೊದಲಿನಿಂದ ನಡೆದು ಬಂದದ್ದು."

"ಹಾಗಾದರೆ ಅಷ್ಟು ಒರಿಜಿನಲ್ ಸಿಕ್ಕಿತಲ್ಲ, ಬಿಡು," ಎಂದು ವೀಣಾ ಫೋನು ವಾಪಸ್ ಕೊಟ್ಟಳು.