ಮುಧೋಳ ನಾಯಿಯ ಹೆಬ್ಬೆರಳ ಉಗುರು: ತೆಗೆಸುವುದೋ, ಉಳಿಸುವುದೋ?

ಕಳೆದ ಸಂಚಿಕೆಯ ಸಮಸ್ಯೆ: ನಮ್ಮದು ಎರಡು ವರ್ಷದ ಗಂಡು ಮುಧೋಳ ನಾಯಿ, ತೂಕ 22 ಕೆ.ಜಿ. ಮುಂಗಾಲಿನ ಒಳಬದಿಯಲ್ಲಿ ಮೇಲಕ್ಕಿರುವ ಉಗುರು (ಡ್ಯೂಕ್ಲಾ) ತಂತಿಬೇಲಿಗೆ ಸಿಕ್ಕಿ ಅರ್ಧ ಕಿತ್ತು ನೇತಾಡುತ್ತಿದೆ. ಇದೇ ವರ್ಷ ಹೀಗಾಗಿದ್ದು ಎರಡನೇ ಸಲ. ಹಿಂಗಾಲುಗಳಲ್ಲೂ ಅಂಥ ಒಂದೊಂದು ಉಗುರು ಜೋತಾಡುತ್ತವೆ. ನಾಲ್ಕನ್ನೂ ತೆಗೆಸಿಬಿಡಿ ಎನ್ನುತ್ತಾರೆ ಕೆಲವರು. ಏನು ಮಾಡಲಿ? – ಓದುಗರು, ರಾಣೆಬೆನ್ನೂರು

---

ನಾಲ್ಕರ ಮಾತು ಆಮೇಲೆ. ನೇತಾಡುತ್ತಿರುವ ಆ ಒಂದು ಉಗುರಿನ ಚಿಪ್ಪು ಇವತ್ತೇ ಹೋಗಬೇಕು. ತಾನಾಗಿ ಉದುರಲಿ ಎಂದು ಬಿಟ್ಟರೆ ನಾಯಿ ಹೆಜ್ಜೆ ಹಾಕಿದಾಗಲೆಲ್ಲ ಅದು ಒಳಗಿನ ಹಸಿಮಾಂಸವನ್ನು ಜಗ್ಗುತ್ತಿರುತ್ತದೆ. ಮನೆಯಲ್ಲಿ ಕೀಳಲು ಹೋಗಬೇಡಿ. ಪಶುವೈದ್ಯರು ಮಂಪರಿನ ಚುಚ್ಚುಮದ್ದು ಅಥವಾ ಆ ಜಾಗಕ್ಕೆ ಮಾತ್ರ ಅರಿವಳಿಕೆ ಕೊಟ್ಟು ಬುಡದ ಹತ್ತಿರ ಕತ್ತರಿಸುತ್ತಾರೆ. ನಿಮಿಷಗಳ ಕೆಲಸ. ಬೆರಳು ಹೋಗುವುದಿಲ್ಲ, ಬುಡ ಹಾಳಾಗಿಲ್ಲದಿದ್ದರೆ ಕೆಲವು ತಿಂಗಳಲ್ಲಿ ಉಗುರು ಮತ್ತೆ ಬರುತ್ತದೆ.

ಆಸ್ಪತ್ರೆ ತಲುಪುವ ತನಕ ಮಾಡಬೇಕಾದ್ದು: ಎಷ್ಟೇ ಸಾಧು ನಾಯಿಯಾದರೂ ಮೊದಲು ಮೂತಿ ಕಟ್ಟಿ. ಒಂದು ಮೀಟರ್ ಬ್ಯಾಂಡೇಜ್ ಬಟ್ಟೆಯನ್ನು ಮೂಗಿನ ಮೇಲೆ ಸುತ್ತಿ, ದವಡೆಯ ಕೆಳಗೆ ಹಾಯಿಸಿ, ಕಿವಿಗಳ ಹಿಂದೆ ಎಳೆದರೆ ಬಿಚ್ಚುವ ಜಾರುಗಂಟು ಹಾಕಿ. ಏದುಸಿರು ಬಿಡುತ್ತಿದ್ದರೆ, ವಾಂತಿ ಮಾಡುತ್ತಿದ್ದರೆ ಕಟ್ಟಬಾರದು. ಶುದ್ಧ ಗಾಜ್ ಬಟ್ಟೆ ಇಟ್ಟು ಹತ್ತು ನಿಮಿಷ ಬಿಡದೆ ಒತ್ತಿ ಹಿಡಿಯಿರಿ. ನಡುನಡುವೆ ಎತ್ತಿ ನೋಡಿದರೆ ಹೆಪ್ಪುಗಟ್ಟಿದ್ದು ಕಿತ್ತು ಮತ್ತೆ ರಕ್ತ ಬರುತ್ತದೆ. ತೊಳೆಯಲು ಕುದಿಸಿ ಆರಿಸಿದ ಅರ್ಧ ಲೀಟರ್ ನೀರಿಗೆ ಒಂದು ಮಟ್ಟಸ ಟೀ ಚಮಚ ಉಪ್ಪು ಸಾಕು. 5% ಪೊವಿಡೋನ್ ಅಯೋಡಿನ್ ಮನೆಯಲ್ಲಿದ್ದರೆ ಒಂದು ಪಾಲಿಗೆ ಹತ್ತು ಪಾಲು ನೀರು ಬೆರೆಸಿ, ಹಾಲಿಲ್ಲದ ತೆಳು ಚಹಾದ ಬಣ್ಣಕ್ಕೆ ಬರಬೇಕು. ಡೆಟಾಲ್, ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್ ಬೇಡ, ಅವು ಹೊಸದಾಗಿ ಕೂಡುವ ಮಾಂಸವನ್ನೇ ಸುಡುತ್ತವೆ. ಕಾಫಿಪುಡಿ, ಸೀಮೆಎಣ್ಣೆಯ ಮಾತಂತೂ ಎತ್ತಲೇಬೇಡಿ.

ಒತ್ತಿ ಹಿಡಿದು ಇಪ್ಪತ್ತು ನಿಮಿಷವಾದರೂ ರಕ್ತ ನಿಲ್ಲದಿದ್ದರೆ ದೋಷ ಉಗುರಿನದ್ದಲ್ಲದೆಯೂ ಇರಬಹುದು. ನಮ್ಮಲ್ಲಿ ಉಣ್ಣೆಹುಳದ ಕಡಿತದಿಂದ ಬರುವ ಎರ್ಲಿಕಿಯಾ ಜ್ವರ ಸಾಮಾನ್ಯ, ಅದರಲ್ಲಿ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳು ಇಳಿಯುತ್ತವೆ. ರಕ್ತಪರೀಕ್ಷೆ ಮಾಡಿಸಿ.

– ಪಶುವೈದ್ಯೆ, ಧಾರವಾಡ

---

ಮುಂಗಾಲಿನ ಉಗುರು ತೆಗೆಸಬ್ಯಾಡ್ರಿ. ಮುಧೋಳ ಓಟದ ನಾಯಿ. ಮೊಲದ ಬೆನ್ನು ಹತ್ತಿ ಒಮ್ಮೆಲೇ ತಿರುಗುವಾಗ ಮುಂಗಾಲಿನ ಮಣಿಕಟ್ಟು ಬಾಗಿ ನೆಲಕ್ಕೆ ತಾಗುತ್ತದೆ, ಆಗ ಈ ಉಗುರು ಮಣ್ಣು ಕಚ್ಚಿ ಕಾಲು ತಿರುಚದಂತೆ ತಡೆಯುತ್ತದೆ. ಎಲುಬು ಹಿಡಿದು ಕಡಿಯಲೂ ಅದೇ ಬೇಕು. ಅಜಿಲಿಟಿ ಸ್ಪರ್ಧೆಯ (ಅಡೆತಡೆ ಹಾರಿ ದಾಟಿ ಓಡುವ ಆಟ) ನಾಯಿಗಳ ಬಗ್ಗೆ ವಿದೇಶದಲ್ಲಿ ನಡೆದ ಸಮೀಕ್ಷೆಯೊಂದರಲ್ಲಿ, ಮುಂಗಾಲಿನ ಡ್ಯೂಕ್ಲಾ ಇಲ್ಲದ ನಾಯಿಗಳಿಗೇ ಉಳಿದ ಬೆರಳುಗಳ ಗಾಯ ಹೆಚ್ಚು ಕಂಡಿತ್ತು. ಸಮೀಕ್ಷೆ ಅಂದರೆ ಪೂರ್ತಿ ಪುರಾವೆಯಲ್ಲ, ಖರೆ. ಆದರೂ ಗಟ್ಟಿಯಾಗಿರುವ ಬೆರಳನ್ನು 'ಮುಂದೆ ಕಿತ್ತೀತು' ಅಂತ ಈಗಲೇ ಕತ್ತರಿಸುವುದು ನನಗೆ ಸರಿ ಕಾಣುವುದಿಲ್ಲ.

ಜೋಳದ ಕೂಳೆ, ಕಬ್ಬಿನ ಕೂಳೆ ಇರುವ ಹೊಲದಲ್ಲಿ ಬಿಡುವ ಮುನ್ನ ಮಣಿಕಟ್ಟಿಗೆ ಎರಡು ಇಂಚು ಅಗಲದ, ತನಗೆ ತಾನೇ ಅಂಟುವ ಬ್ಯಾಂಡೇಜ್ ಸುತ್ತಿರಿ. ಉಗುರಿನ ಕೆಳಗೆ ಒಂದು ಚೂರು ಹತ್ತಿ ಇಟ್ಟು, ಉಗುರನ್ನು ಕಾಲಿಗೆ ಒತ್ತಿ, ಎರಡೇ ಸುತ್ತು. ಜಗ್ಗಿ ಸುತ್ತಿದರೆ ಪಾದ ಬಾಯುತ್ತದೆ. ಓಟ ಮುಗಿದ ಕೂಡಲೇ ಬಿಚ್ಚಬೇಕು. ರಾತ್ರಿಯಿಡೀ ಬಿಟ್ಟ ಬ್ಯಾಂಡೇಜು ಮಾಡುವ ಗಾಯ ತಂತಿಬೇಲಿ ಮಾಡುವುದಕ್ಕಿಂತ ಕೆಟ್ಟದ್ದು.

ಹದಿನೆಂಟು ಉಗುರು, ಇಪ್ಪತ್ತು ಉಗುರು ಅಂತ ಎಣಿಸಿ ನಾಯಿಯ ಜಾಣತನ ಅಳೆಯುವವರೂ ಇದ್ದಾರೆ. ಹಿಂಗಾಲಿನ ಆ ಎರಡಕ್ಕೂ ಬುದ್ಧಿಗೂ ಸಂಬಂಧ ಇಲ್ರಿ.

– ಮುಧೋಳ ನಾಯಿ ಸಾಕಣೆದಾರ, ಬಾಗಲಕೋಟೆ ಜಿಲ್ಲೆ

---

ಒಂದೇ ವರ್ಷದಲ್ಲಿ ಎರಡು ಸಲ ಸಿಕ್ಕಿಕೊಂಡಿದೆ ಎಂದರೆ ಆ ಉಗುರು ಉದ್ದ ಬೆಳೆದಿರಲೇಬೇಕು. ಉಳಿದವು ನೆಲಕ್ಕೆ ಉಜ್ಜಿ ಸವೆಯುತ್ತವೆ, ಇದು ಸವೆಯುವುದಿಲ್ಲ. ಕೊಕ್ಕೆಯಂತಾಗಿ ಬೇಲಿ, ಗೋಣಿಚೀಲ, ಸಿಕ್ಕಿದ್ದಕ್ಕೆಲ್ಲ ತಗಲುತ್ತದೆ. ಪೂರ್ತಿ ಮರೆತರೆ ಸುತ್ತಿಕೊಂಡು ಪಕ್ಕದ ಚರ್ಮಕ್ಕೇ ಚುಚ್ಚುತ್ತದೆ.

ಮೂರು ನಾಲ್ಕು ವಾರಕ್ಕೊಮ್ಮೆ ಕತ್ತರಿಸಿ. ಒಳಗೆ ರಕ್ತನಾಳವಿರುವ ಭಾಗವನ್ನು ಕ್ವಿಕ್ ಎನ್ನುತ್ತೇವೆ. ಬಿಳಿ ಉಗುರಿನಲ್ಲಿ ಅದು ಗುಲಾಬಿಯಾಗಿ ಕಾಣುತ್ತದೆ, ಅದಕ್ಕಿಂತ 2 ಮಿ.ಮೀ. ಈಚೆ ನಿಲ್ಲಿಸಿ. ಕಪ್ಪು ಉಗುರನ್ನು ಒಂದೇ ಏಟಿಗೆ ಕತ್ತರಿಸಬಾರದು. ತೆಳುತೆಳುವಾಗಿ ಕೊಯ್ಯುತ್ತ ಕತ್ತರಿಸಿದ ಮುಖ ನೋಡುತ್ತಿರಿ, ನಡುವೆ ಬೂದುಬಣ್ಣದ ಚುಕ್ಕೆ ಕಂಡರೆ ಸಾಕು. ಉಗುರಿನೊಂದಿಗೆ ಕ್ವಿಕ್ ಕೂಡ ಉದ್ದವಾಗಿದ್ದರೆ ವಾರಕ್ಕೊಮ್ಮೆ ತುದಿ ಮಾತ್ರ ತೆಗೆಯಿರಿ, ನಿಧಾನವಾಗಿ ಅದು ಹಿಂದೆ ಸರಿಯುತ್ತದೆ. ಮೊಂಡು ಕತ್ತರಿ ಉಗುರನ್ನು ಜಜ್ಜಿ ಸೀಳುತ್ತದೆ. ಕೊನೆಗೆ ಅರ ಹಾಕಿ ಅಂಚು ನುಣುಪು ಮಾಡಿ; ಈ ಒಂದು ಹೆಜ್ಜೆಯನ್ನು ಬಹಳ ಜನ ಬಿಟ್ಟುಬಿಡುತ್ತಾರೆ, ಆ ಒರಟು ಅಂಚೇ ಮತ್ತೆ ಸಿಕ್ಕಿಕೊಳ್ಳುವುದು.

ತುದಿ ಕತ್ತರಿಸುವಾಗ ರಕ್ತ ಬಂದರೆ ಪಟಿಕದ ಪುಡಿ ಅಥವಾ ಕಾರ್ನ್‌ಫ್ಲೋರ್ ಒತ್ತಬಹುದು. ನಿಮ್ಮ ನಾಯಿಗೆ ಈಗ ಆಗಿರುವಂಥ ಕಿತ್ತ ಗಾಯಕ್ಕೆ ಪಟಿಕ ಹಾಕಬೇಡಿ, ವಿಪರೀತ ಉರಿಯುತ್ತದೆ.

– ಪೆಟ್ ಗ್ರೂಮರ್, ಬೆಂಗಳೂರು

---

ಹಿಂಗಾಲಿನವನ್ನು ಬೆರಳಲ್ಲಿ ಹಿಡಿದು ಅಲ್ಲಾಡಿಸಿ ನೋಡಿ. ಚರ್ಮಕ್ಕಷ್ಟೇ ಅಂಟಿಕೊಂಡಿದ್ದರೆ ಅವು ಯಾವ ಕೆಲಸಕ್ಕೂ ಇಲ್ಲ, ಕೀಳುವ ಅಪಾಯ ಮಾತ್ರ. ಅವನ್ನು ತೆಗೆಸುವುದಕ್ಕೆ ನನ್ನ ಒಪ್ಪಿಗೆಯಿದೆ. ಅದಕ್ಕೆಂದೇ ಬೇರೆ ಅರಿವಳಿಕೆ ಬೇಡ, ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸುವ ಯೋಚನೆಯಿದ್ದರೆ ಅದರೊಂದಿಗೇ ಮುಗಿಸಿ.

ಮುಂಗಾಲಿನ ಕಥೆ ಬೇರೆ. ಅಲ್ಲಿ ಮೂಳೆ, ಕೀಲು, ಸ್ನಾಯುರಜ್ಜು ಎಲ್ಲ ಇವೆ. ತೆಗೆಯುವುದೆಂದರೆ ಹೆಬ್ಬೆರಳನ್ನು ಕೀಲಿನಲ್ಲಿ ಬಿಡಿಸಿ, ರಕ್ತನಾಳ ಕಟ್ಟಿ, ಪದರ ಪದರವಾಗಿ ಹೊಲಿಯುವುದು. ಉಗುರು ಹುಟ್ಟುವ ಅಂಗಾಂಶ ಚೂರು ಉಳಿದರೂ ಸೊಟ್ಟ ಮುಳ್ಳಿನಂತೆ ಮತ್ತೆ ಬೆಳೆಯುತ್ತದೆ. ಹುಟ್ಟಿದ ಎರಡರಿಂದ ಐದು ದಿನದೊಳಗಿನ ಮರಿಗಳಲ್ಲಿ ಇದು ಸುಲಭ, ಎರಡು ವರ್ಷದ ನಾಯಿಯಲ್ಲಿ ಪೂರ್ಣ ಶಸ್ತ್ರಚಿಕಿತ್ಸೆ. ಬುಡದ ಮೂಳೆಗೆ ಸೋಂಕು ಇಳಿದಿದ್ದರೆ, ಗಡ್ಡೆಯ ಅನುಮಾನವಿದ್ದರೆ, ಬುಡವೇ ಕೆಟ್ಟು ಉಗುರು ಪದೇಪದೇ ಸೀಳುತ್ತಿದ್ದರೆ ಮಾತ್ರ ನಾನು ಮುಂಗಾಲಿಗೆ ಕತ್ತರಿ ಹಾಕುವುದು. ಎರಡು ಮೂರು ವಾರವಾದರೂ ಊತ ಇಳಿಯದಿದ್ದರೆ ಎಕ್ಸ್‌ರೇ ತೆಗೆಸಿ. ಇನ್ನೊಂದು ಮಾತು: ಪೆಟ್ಟಿಲ್ಲದೆ ಬೇರೆ ಬೇರೆ ಪಾದಗಳಲ್ಲಿ ಉಗುರು ಉದುರತೊಡಗಿದರೆ ಅದು ದೇಹದ ರೋಗನಿರೋಧಕ ವ್ಯವಸ್ಥೆಯ ಕಾಯಿಲೆಯಾಗಿರಬಹುದು, ಬೇಲಿಯನ್ನು ದೂರಬೇಡಿ.

ಶಸ್ತ್ರಚಿಕಿತ್ಸೆಗೆ ಮೊದಲು ಪ್ಲೇಟ್‌ಲೆಟ್ ಲೆಕ್ಕ ಕೇಳಿ ಪಡೆಯಿರಿ. ಗ್ರೇಹೌಂಡ್‌ನಂಥ ಕೊಬ್ಬಿಲ್ಲದ ಓಟದ ತಳಿಗಳು ಥಯೋಪೆಂಟೋನ್ ಅರಿವಳಿಕೆಯಿಂದ ಬಹಳ ತಡವಾಗಿ ಎಚ್ಚರಗೊಳ್ಳುತ್ತವೆ. ಮುಧೋಳದ ಮೈಕಟ್ಟೂ ಅದೇ, ವೈದ್ಯರಿಗೆ ನೆನಪಿಸಿ. ಎಂಟು ಗಂಟೆ ಊಟ ಕೊಡಬೇಡಿ. ಹೊಲಿಗೆ ಬಿಚ್ಚುವುದು 10ರಿಂದ 14 ದಿನಕ್ಕೆ, ಅಲ್ಲಿಯ ತನಕ ಹಗ್ಗದಲ್ಲೇ ನಡಿಗೆ, ಕೊರಳಿಗೆ ನೆಕ್ಕದಂತೆ ತಡೆಯುವ ಕೋನ್. ಹೊಲಿಗೆ ಬಿಡುವುದು ಹೆಚ್ಚಾಗಿ ನಾಯಿ ನೆಕ್ಕುವುದರಿಂದಲೇ. 'ಪಾಪ, ಊಟಕ್ಕೆ ತೊಂದರೆ' ಎಂದು ಕೋನ್ ಬಿಚ್ಚಿಟ್ಟು ಮರೆಯುವವರೇ ಜಾಸ್ತಿ.

– ಪಶು ಶಸ್ತ್ರಚಿಕಿತ್ಸಕ, ಶಿವಮೊಗ್ಗ

---

ಮನೆಯ ನೋವಿನ ಮಾತ್ರೆ ಕೊಡಬೇಡಿ. ಐಬುಪ್ರೊಫೆನ್, ಡೈಕ್ಲೊಫೆನಾಕ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ಕಿಡ್ನಿ ಕೆಡಿಸುತ್ತವೆ. ಪ್ಯಾರಾಸಿಟಮಾಲ್ ಲಿವರ್‌ಗೆ ಅಪಾಯ. ವೈದ್ಯರು ಬರೆಯುವ ಮೆಲಾಕ್ಸಿಕಾಮ್ ಕೂಡ ಮೊದಲ ದಿನದ ನಂತರ ಕೆ.ಜಿ.ಗೆ 0.1 ಮಿ.ಗ್ರಾಂ, ಅಂದರೆ 22 ಕೆ.ಜಿ. ನಾಯಿಗೆ ದಿನಕ್ಕೆ 2.2 ಮಿ.ಗ್ರಾಂ. ಮನುಷ್ಯರ 15 ಮಿ.ಗ್ರಾಂ ಮಾತ್ರೆ ಅದರ ಸುಮಾರು ಏಳು ಪಟ್ಟು.

ಗಾಯದ ಪಟ್ಟಿಯನ್ನು ದಿನಕ್ಕೊಮ್ಮೆ ಬದಲಿಸಿ, ಒದ್ದೆಯಾದರೆ ಆಗಲೇ. ಹೊರಗೆ ಹೋಗುವಾಗ ಪ್ಲಾಸ್ಟಿಕ್ ಕವರ್ ಹಾಕಿ, ಒಳಗೆ ಬಂದ ಮೇಲೆ ತೆಗೆಯಿರಿ, ಇಲ್ಲದಿದ್ದರೆ ಒಳಗೇ ಬೆವೆತು ಕೊಳೆಯುತ್ತದೆ. ಬೆರಳು ತಣ್ಣಗಾದರೆ, ಊದಿದರೆ ಪಟ್ಟಿ ಬಿಗಿಯಾಗಿದೆ. ಮಳೆಗಾಲದಲ್ಲಿ ತೆರೆದ ಗಾಯಕ್ಕೆ ನೊಣ ಕೂತು ಒಂದೆರಡು ದಿನದಲ್ಲಿ ಹುಳ ಬೀಳುತ್ತವೆ. ಕೆಟ್ಟ ವಾಸನೆ, ಬಿಡದೆ ನೆಕ್ಕುವುದು ಅದರ ಸೂಚನೆ. ಟರ್ಪೆಂಟೈನ್ ಸುರಿಯಬೇಡಿ, ಹುಳದ ಜೊತೆ ಮಾಂಸವೂ ಸುಡುತ್ತದೆ. ಪಶು ಔಷಧದಂಗಡಿಯಲ್ಲಿ ಹುಳದ ಸ್ಪ್ರೇ ಸಿಗುತ್ತದೆ; ಅದನ್ನು ಹೊಡೆದು, ಸತ್ತ ಹುಳಗಳನ್ನು ಚಿಮಟಿಗೆಯಲ್ಲಿ ಒಂದೂ ಬಿಡದೆ ತೆಗೆಸಬೇಕು.

ಪಟ್ಟಿ ಕಟ್ಟುವಾಗ ನಾಯಿ ನಿಮ್ಮನ್ನೇ ಕಚ್ಚಿದರೆ ಹದಿನೈದು ನಿಮಿಷ ಸೋಪು ಹಚ್ಚಿ ಹರಿಯುವ ನೀರಲ್ಲಿ ತೊಳೆದು ಆಸ್ಪತ್ರೆಗೆ ಹೋಗಿ, ನಾಯಿಯ ರೇಬೀಸ್ ಲಸಿಕೆಯ ಕಾರ್ಡನ್ನೂ ಒಯ್ಯಿರಿ.

– ಪಶು ಔಷಧ ವ್ಯಾಪಾರಿ, ಹಾವೇರಿ