ಪದಚರ್ಚೆ: ಉರಿಯೂತವನ್ನು ‘ಉಂಟುಮಾಡು’ವುದೋ, ‘ಕೆರಳಿಸು’ವುದೋ?

ಬಳಗದವರಿಗೆ ನಮಸ್ಕಾರ.

ಮುಂಬೈ ಬಳಿಯ ಡೊಂಬಿವಲಿಯ ನಮ್ಮ ಸಂಘದ ಪತ್ರಿಕೆಗೆ ರೋಗನಿರೋಧಕ ವ್ಯವಸ್ಥೆಯ ಕುರಿತ ಲೇಖನವೊಂದನ್ನು ತಿದ್ದುತ್ತಿದ್ದೇನೆ. ಅದರಲ್ಲಿ ಈ ವಾಕ್ಯವಿದೆ: “ಬ್ಯಾಕ್ಟೀರಿಯಾದ ಪ್ರೋಟೀನುಗಳು ದೇಹದಲ್ಲಿ ಉರಿಯೂತವನ್ನು ಉಂಟುಮಾಡುತ್ತವೆ.” ವ್ಯಾಕರಣದ ತಕರಾರೇನೂ ಇಲ್ಲ. ಆದರೆ ಆ ‘ಉಂಟುಮಾಡು’ ನನಗೆ ಒಗ್ಗುತ್ತಿಲ್ಲ. ಇಲ್ಲಿ ಕರ್ತೃ ಯಾರು?

ಫ್ಲಾಜೆಲಿನ್ ಎಂಬ ಪ್ರೋಟೀನನ್ನೇ ನೋಡಿ. ಸಾಲ್ಮೊನೆಲ್ಲಾದಂಥ ಬ್ಯಾಕ್ಟೀರಿಯಾಗಳು ಈಜಲು ಬಳಸುವ ಚಾಟಿಯಂಥ ಕಶಾಂಗ ಇದರ ಸಾವಿರಾರು ಪ್ರತಿಗಳನ್ನು ಹೆಣೆದು ಆದದ್ದು. ಫ್ಲಾಜೆಲಿನ್ ವಿಷವೇನಲ್ಲ. ನಮ್ಮ ಜೀವಕೋಶಗಳ ಮೇಲಿನ ಟಿಎಲ್‌ಆರ್-5 ಗ್ರಾಹಕ ಅದರ ಗುರುತು ಹಿಡಿಯುತ್ತದೆಂದು 2001ರಲ್ಲಿ ತಿಳಿಯಿತು. ಗುರುತು ಸಿಕ್ಕೊಡನೆ ಜೀವಕೋಶ ಸಂದೇಶವಾಹಕ ಪ್ರೋಟೀನುಗಳಾದ ಸೈಟೊಕೈನ್‌ಗಳನ್ನು ಸ್ರವಿಸುತ್ತದೆ, ಸುತ್ತಲಿನ ರಕ್ತನಾಳಗಳು ಹಿಗ್ಗಿ ಜಿನುಗುತ್ತವೆ, ಬಿಳಿ ರಕ್ತಕಣಗಳು ನುಗ್ಗಿ ಬರುತ್ತವೆ. ಕೆಂಪು, ಬಿಸಿ, ಊತ, ನೋವು ನಾಲ್ಕೂ ದೇಹದ್ದೇ ಕಾರುಬಾರು. ಹಾಗಾಗಿ ಇಲ್ಲಿ ‘ಕೆರಳಿಸು’ ಎಂದು ತಿದ್ದಿದೆ.

ಮುಂದಿನ ಪುಟದಲ್ಲಿ ಅದೂ ಸಾಲಲಿಲ್ಲ. ನ್ಯುಮೋನಿಯಾ ತರುವ ಬ್ಯಾಕ್ಟೀರಿಯಾ ನ್ಯುಮೋಕಾಕಸ್‌ನ ನ್ಯುಮೊಲೈಸಿನ್ ಜೀವಕೋಶದ ಪೊರೆಯಲ್ಲಿ ತೂತು ಕೊರೆಯುವ ಪ್ರೋಟೀನು. ಒಳಗಿನ ಪೊಟ್ಯಾಸಿಯಂ ಸೋರಿಹೋದಾಗ ಇನ್‌ಫ್ಲಮಸೋಮ್ ಎಂಬ ಪ್ರೋಟೀನುಗಳ ಕೂಟ ಕಟ್ಟಿಕೊಂಡು, ಜ್ವರ ತರುವ ಇಂಟರ್‌ಲ್ಯೂಕಿನ್-1 ಬೀಟಾ ಎಂಬ ಸೈಟೊಕೈನನ್ನು ಹದಗೊಳಿಸಿ ಹೊರಬಿಡುತ್ತದೆ. ಇಲ್ಲಿ ಮೊದಲು ಹಾನಿ, ಆಮೇಲೆ ಉರಿ. ಇನ್ನು ಮತ್ತೊಂದು ಬ್ಯಾಕ್ಟೀರಿಯಾ ಸ್ಟೆಫಿಲೊಕಾಕಸ್‌ನ ಸೂಪರ್ ಆಂಟಿಜೆನ್‌ಗಳದ್ದು ಬೇರೆಯೇ ಕಥೆ. ಮಾಮೂಲಿ ಆಂಟಿಜೆನ್ (ರೋಗನಿರೋಧಕ ವ್ಯವಸ್ಥೆ ಗುರುತಿಸುವ ವಸ್ತು) ಒಂದಕ್ಕೆ ಸ್ಪಂದಿಸುವ ಟಿ ಕೋಶಗಳು (ಒಂದು ಬಗೆಯ ಬಿಳಿ ರಕ್ತಕಣಗಳು) ಹತ್ತು ಸಾವಿರಕ್ಕೆ ಒಂದೂ ಇರುವುದು ಕಷ್ಟ. ಸೂಪರ್ ಆಂಟಿಜೆನ್ ಮಾತ್ರ ಆ ಗುರುತಿನ ತಪಾಸಣೆಯ ಗೊಡವೆಯೇ ಇಲ್ಲದೆ ಟಿ ಕೋಶವನ್ನೂ ಅದಕ್ಕೆ ಆಂಟಿಜೆನ್ ತೋರಿಸುವ ಕೋಶವನ್ನೂ ಹೊರಗಿನಿಂದ ಬೆಸೆದು, ಶೇ. 20ರವರೆಗಿನ ಟಿ ಕೋಶಗಳನ್ನು ಒಟ್ಟಿಗೇ ಎಬ್ಬಿಸಬಲ್ಲದು. ಇದಕ್ಕೆ ‘ರೊಚ್ಚಿಗೆಬ್ಬಿಸು’ ಎಂದು ಬರೆದಿದ್ದೇನೆ. ಸಂಪಾದಕರು ಇದು ಚುನಾವಣಾ ವರದಿಯ ಭಾಷೆ ಎಂದು ಮುಖ ಸಿಂಡರಿಸಿದರು. ನನಗಂತೂ ಇದಕ್ಕಿಂತ ನಿಖರವಾದದ್ದು ಹೊಳೆಯುತ್ತಿಲ್ಲ.

ಇನ್‌ಫ್ಲಮಸೋಮ್‌ಗೆ (ಈ ಹೆಸರು ಬಂದದ್ದು 2002ರಲ್ಲಿ) ಯಾರೋ ‘ಉರಿಕಾಯ’ ಎಂದು ಸೂಚಿಸಿದರು. ಓದಿದೊಡನೆ ಮೆಣಸಿನಕಾಯಿ ನೆನಪಾಗುತ್ತದೆ. ‘ಉರಿಕೂಟ’ ನಡೆದೀತೇ?

ನನ್ನ ಮುಖ್ಯ ಪ್ರಶ್ನೆ ‘ನಂಜು’ ಪದದ ಕುರಿತು. ಮಾಟುಂಗದ ಹೋಟೆಲೊಂದರಲ್ಲಿ ಕುಂದಾಪುರ ಕಡೆಯ ಅಡುಗೆಯವರೊಬ್ಬರ ಹೆಬ್ಬೆರಳು ತೆಂಗಿನಕಾಯಿ ತುರಿಯುವಾಗ ಕೊಯ್ದು, ಉಗುರಿನ ಬುಡ ಕೆಂಪಗೆ ಬಾತುಕೊಂಡಿತ್ತು. “ನಂಜಾಗಿದೆ, ಬದನೆಕಾಯಿ ಮುಟ್ಟಬೇಡ” ಎಂದು ಗಲ್ಲಾದಲ್ಲಿದ್ದವರು ಗದರಿದರು. ಪಕ್ಕದಲ್ಲಿದ್ದ ಮರಾಠಿಯವರು ಅದನ್ನೇ ‘ಚಿಘಳಲಂ’ ಎಂದರು. ಮರಾಠಿ ಪತ್ರಿಕೆಗಳಲ್ಲಿ ಗಡಿ ವಾದವೂ ಹೀಗೆಯೇ ‘ಚಿಘಳುತ್ತದೆ’, ನಮ್ಮಲ್ಲಿ ಗಾಯವೂ ಜಗಳವೂ ಕೆರಳುವ ಹಾಗೆ. ‘ನಂಜು’ ಮಾತ್ರ ಬೆರಳು ತೋರಿಸುವುದು ಹೊರಗಿನಿಂದ ಬಂದ ವಿಷದತ್ತ. ನ್ಯುಮೊಲೈಸಿನ್‌ನಂಥದ್ದಕ್ಕೆ ಅದು ಹೇಳಿ ಮಾಡಿಸಿದಂತಿದೆ, ಫ್ಲಾಜೆಲಿನ್‌ಗೆ ಒಪ್ಪುವುದಿಲ್ಲ. ‘ನಂಜುನಿರೋಧಕ’ ಆಗಲೇ ಬಳಕೆಯಲ್ಲಿರುವಾಗ ‘ನಂಜುಪ್ರೋಟೀನು’ ಎನ್ನಲು ಅಡ್ಡಿಯಿಲ್ಲವೆಂದು ನನ್ನ ಎಣಿಕೆ.

ಹಳೆ ಮೈಸೂರು, ಧಾರವಾಡ, ಬೀದರ್ ಕಡೆಯವರು ದಯವಿಟ್ಟು ತಿಳಿಸಿ: ನಿಮ್ಮಲ್ಲಿ ಗಾಯ ‘ನಂಜಾಗುತ್ತದೆ’ಯೋ, ‘ನಂಜೇರುತ್ತದೆ’ಯೋ? ಕೀವು ಕಟ್ಟುವ ಮೊದಲೇ ಹಾಗೆನ್ನುತ್ತೀರೋ, ಕಟ್ಟಿದ ಮೇಲೋ?